ಆರರಿಂದ ಎಂಟು: ಕನ್ನಡ ಶಾಲೆಯ ಇಂಗ್ಲಿಷ್ ಓದು, ಬರಹ



ಕನ್ನಡದ ವೇದಿಕೆಯಲ್ಲಿ ಇಂಗ್ಲಿಷ್ ಪಾಠದ ಮಾತೇ ಎಂದು ಆಮಂತ್ರಣ ಪತ್ರಿಕೆ ನೋಡಿದ ಒಬ್ಬಿಬ್ಬರು ಕೇಳಿದರು. ಬಿ.ಎಂ.ಶ್ರೀ., ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಪಿ. ಲಂಕೇಶ್, ಯು.ಆರ್. ಅನಂತಮೂರ್ತಿ ಇವರೆಲ್ಲ ಇಂಗ್ಲಿಷ್ ಪಾಠ ಹೇಳಿ ಸಂಬಳ ಎಣಿಸಿದವರೇ. ಗೋಕಾಕರಂತೂ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಆದ್ದರಿಂದ ನನಗೆ ಸಂಕೋಚವೇನೂ ಇಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ಅವರೆಲ್ಲ ಪಾಠ ಹೇಳಿದ್ದು ಹೆಚ್ಚಾಗಿ ಕಾಲೇಜುಗಳಲ್ಲಿ, ಓದಲು ಕಲಿತು ಬಂದ ಹುಡುಗರಿಗೆ. ನಾನು ಮಾತಾಡಹೊರಟಿರುವುದು ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳ ಬಗ್ಗೆ. ನಮ್ಮ ತಂದೆಯವರ ಕಾಲದಲ್ಲಿ ಈ ತರಗತಿಗಳನ್ನು ‘ಮಿಡ್ಲ್ ಸ್ಕೂಲು’ ಎನ್ನುತ್ತಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯನ್ನು ಒಂದು ಹಂತವಾಗಿಯೇ ಎಣಿಸಿತು.

ನನ್ನ ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಯುವ ಮಗು, ಅದರ ಓದು ಮತ್ತು ಬರಹ, ಇಷ್ಟೇ ನನ್ನ ವಸ್ತು. ಮಾಧ್ಯಮ ಯಾವುದಿರಬೇಕು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ತೆರೆದ ಇಂಗ್ಲಿಷ್ ಮಾಧ್ಯಮ ವಿಭಾಗಗಳು, ಇವುಗಳ ಚರ್ಚೆಗೆ ಬೇರೆ ವೇದಿಕೆಗಳಿವೆ. ಸ್ಪೋಕನ್ ಇಂಗ್ಲಿಷಿನ ಗೋಜಿಗೂ ಹೋಗುವುದಿಲ್ಲ. ಮೊದಲು ಆರನೇ ತರಗತಿಗೆ ಮಗು ಏನನ್ನು ಹೊತ್ತು ಬರುತ್ತದೆ ಎಂದು ನೋಡೋಣ. ಆಮೇಲೆ ಓದು. ಅಲ್ಲಿಂದ ಬೆಂಗಳೂರಿನ ಹೆಸರು ಹೊತ್ತ ಒಂದು ಪ್ರಯೋಗ. ಕೊನೆಗೆ ಬರಹ ಮತ್ತು ತಿದ್ದುವ ಕೆಲಸ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇಂಗ್ಲಿಷ್ ಆರಂಭವಾಗುತ್ತಿತ್ತು. 2007ರಿಂದ ಒಂದನೇ ತರಗತಿಗೇ ಬಂತು. ಲೆಕ್ಕದ ಪ್ರಕಾರ ಆರನೇ ತರಗತಿಯ ಮಗು ಐದು ವರ್ಷ ಇಂಗ್ಲಿಷ್ ಕಲಿತಿರುತ್ತದೆ. ವಸ್ತುಸ್ಥಿತಿ ಬೇರೆ. ‘ಪ್ರಥಮ್’ ಸಂಸ್ಥೆ ನಡೆಸುವ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ ಮಕ್ಕಳ ಮುಂದೆ ನಾಲ್ಕೈದು ಪದಗಳ ಸರಳ ಇಂಗ್ಲಿಷ್ ವಾಕ್ಯಗಳನ್ನಿಟ್ಟು ಓದಿಸಿತ್ತು. 2009ರಲ್ಲಿ ಎಂಟನೇ ತರಗತಿಯ ಶೇ. 60ರಷ್ಟು ಮಕ್ಕಳು ಓದಿದರು. 2016ರಲ್ಲಿ ಶೇ. 45ರಷ್ಟು. ಇಡೀ ದೇಶದ ಲೆಕ್ಕ ಇದು, ನಮ್ಮ ರಾಜ್ಯದ್ದು ಮಾತ್ರವಲ್ಲ. ಆದರೂ ಯಾವುದೇ ತಾಲ್ಲೂಕಿನ ಎಂಟನೇ ತರಗತಿಗೆ ಪಾಠ ಮಾಡಿದವರಿಗೆ ಈ ಅಂಕಿಗಳು ಆಶ್ಚರ್ಯ ಹುಟ್ಟಿಸಲಾರವು.

ಆ ಮಕ್ಕಳ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಇರುತ್ತದೆ: ‘ಒನ್ಸ್ ದೇರ್ ವಾಸ್ ಎ ಕಿಂಗ್’. ಮೇಷ್ಟ್ರು ಓದುವಾಗ ಮಗು ಸರಸರನೆ ಬರೆದುಕೊಂಡದ್ದು. ನಾಳೆ ಎದ್ದು ನಿಂತು ಓದೆಂದರೆ ಅದು ಓದುವುದು ಆ ಕನ್ನಡ ಸಾಲನ್ನು. ಅನೇಕ ಶಿಕ್ಷಕರು ಇದನ್ನು ಕಳ್ಳತನವೆಂದು ಬೈದು ರಬ್ಬರ್ ಹಿಡಿಸುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಕನ್ನಡ ಅಕ್ಷರ ಬರೆದುಕೊಂಡ ಮಗುವಿಗೆ ಓದುವುದು ಎಂದರೆ ಏನು ಎಂಬುದು ಗೊತ್ತಿದೆ. ಕಾಗದದ ಮೇಲಿನ ಗುರುತಿಗೂ ಬಾಯಿಯ ಸದ್ದಿಗೂ ಸಂಬಂಧವಿದೆ, ಸದ್ದಿಗೂ ಅರ್ಥಕ್ಕೂ ಸಂಬಂಧವಿದೆ ಎಂದು ಅದು ಎರಡನೇ ತರಗತಿಯಲ್ಲೇ ‘ಕಮಲ’, ‘ಬಸವ’ ಓದುತ್ತಾ ಕಲಿತಿದೆ. ಈ ಅರಿವು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ದ್ವಿಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದಲೂ ವಾದಿಸುತ್ತಾ ಬಂದವರು. ಮಗುವಿಗೆ ಗೊತ್ತಿಲ್ಲದ್ದು ಇಂಗ್ಲಿಷ್ ಕಾಗುಣಿತದ ನಡೆ ಮಾತ್ರ. ಕನ್ನಡವನ್ನೇ ತಡವರಿಸಿ ಓದುವ ಮಗುವಿನ ಕಥೆ ಬೇರೆ. ಅದಕ್ಕೆ ಮೊದಲು ಕನ್ನಡ ಓದು ಕಲಿಸಬೇಕು, ಇಂಗ್ಲಿಷ್ ಪೀರಿಯಡ್ಡಿನಲ್ಲೇ ಆದರೂ ಸರಿ.

ಇನ್ನು ಓದಿನ ವಿಷಯಕ್ಕೆ ಬರುತ್ತೇನೆ.

ಇಂಗ್ಲಿಷ್ ಕಾಗುಣಿತ ಹುಚ್ಚುಹುಚ್ಚಾಗಿದೆ ಎಂದು ದೂರುವುದು ನಮ್ಮಲ್ಲಿ ಹಳೆಯ ಹಾಸ್ಯ. ಪುಟ್, ಬಟ್ ಜೋಕು ಕೇಳದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಒ, ಯು, ಜಿ, ಎಚ್ ಎಂಬ ನಾಲ್ಕೇ ಅಕ್ಷರ ‘ದೋ’, ‘ಥ್ರೂ’, ‘ಟಫ್’, ‘ಕಾಫ್’ ಎಂದು ನಾಲ್ಕು ವೇಷ ಹಾಕುವುದೂ ನಿಜ. ಆದರೆ ಈ ಹಾಸ್ಯದಿಂದ ಒಂದು ಹಾನಿಯಾಗಿದೆ. ಇಂಗ್ಲಿಷಿಗೆ ನಿಯಮವೇ ಇಲ್ಲ, ಒಂದೊಂದು ಪದವನ್ನೂ ಉರು ಹೊಡೆಯದೆ ಗತಿಯಿಲ್ಲ ಎಂದು ನಾವೇ ನಂಬಿ ಮಕ್ಕಳನ್ನೂ ನಂಬಿಸಿದ್ದೇವೆ. ಅಡ್ಡಾದಿಡ್ಡಿ ಪದಗಳು ಇರುವುದು ಹೆಚ್ಚಾಗಿ ಅತಿ ಬಳಕೆಯ ಪದಗಳ ನಡುವೆ: ‘ದ’, ‘ವಾಸ್’, ‘ಸೆಡ್’, ‘ಒನ್’, ‘ದೇ’. ಇಂಥವನ್ನು ಗೋಡೆಗೆ ಅಂಟಿಸಿ ಕಣ್ಣಿಗೆ ರೂಢಿ ಮಾಡಿಸಿದರೆ ಆಯಿತು. ಉಳಿದವುಗಳಲ್ಲಿ ಬಹುಪಾಲು ಕುಟುಂಬ ಕುಟುಂಬವಾಗಿ ಬರುತ್ತವೆ. ‘ಲೈಟ್’ ಓದಬಲ್ಲ ಮಗುವಿಗೆ ಮೊದಲ ಅಕ್ಷರ ಬದಲಿಸಿ ‘ನೈಟ್’, ‘ರೈಟ್’, ‘ಫೈಟ್’ ತೋರಿಸಿದರೆ ಅದೇ ಓದಿಕೊಳ್ಳುತ್ತದೆ. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು’ ಎಂದು ಕೋರಸ್ ಹಾಡಿಸುವುದರಿಂದ ಇದು ಬರುವುದಿಲ್ಲ. ಅಕ್ಷರದ ಹೆಸರೇ ಅಕ್ಷರದ ಸದ್ದಲ್ಲ. ‘ಡಬ್ಲ್ಯು’ ಎಂದು ಎಷ್ಟು ಸಲ ಕೂಗಿದರೂ ‘ವೆಟ್’ ಎಂಬ ಪದದ ಮೊದಲ ಸದ್ದು ಸಿಗುವುದಿಲ್ಲ.

ಇದು ಆರನೇ ತರಗತಿಯ ಮೊದಲ ಎರಡು ಮೂರು ತಿಂಗಳ ಕೆಲಸ. ಇದಕ್ಕಿಂತ ದೊಡ್ಡ ತೊಡಕು ಅರ್ಥದ್ದು.

ನಮ್ಮ ತರಗತಿಯಲ್ಲಿ ಪಾಠ ಹೇಗೆ ಸಾಗುತ್ತದೆ? ಶಿಕ್ಷಕರು ಒಂದು ಇಂಗ್ಲಿಷ್ ವಾಕ್ಯ ಓದುತ್ತಾರೆ, ಒಡನೆಯೇ ಅದರ ಕನ್ನಡ ಹೇಳುತ್ತಾರೆ. ಮತ್ತೆ ಇಂಗ್ಲಿಷ್, ಮತ್ತೆ ಕನ್ನಡ. ಮಕ್ಕಳು ಕಥೆಯನ್ನು ಸೊಗಸಾಗಿ ಕೇಳುತ್ತಾರೆ, ನಗಬೇಕಾದಲ್ಲಿ ನಗುತ್ತಾರೆ. ಕೇಳಿದ್ದು ಮಾತ್ರ ಕನ್ನಡದ ಕಥೆಯನ್ನು. ಮುಂದಿನ ಉಸಿರಿನಲ್ಲೇ ಕನ್ನಡ ಬರುತ್ತದೆ ಎಂದು ಗೊತ್ತಿರುವಾಗ ಇಂಗ್ಲಿಷ್ ವಾಕ್ಯದ ಜೊತೆ ಯಾವ ಮಗು ಒದ್ದಾಡೀತು? ಹಾಗೆಂದು ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಕೂಡದು ಎನ್ನುವ ಗುಂಪಿಗೂ ನಾನು ಸೇರಿದವನಲ್ಲ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಕೇಳುವುದು ಇಷ್ಟೇ: ಕನ್ನಡ ಓದಿಗಿಂತ ಮೊದಲು ಬರಲಿ, ಓದಿನ ಬೆನ್ನಿಗೆ ಬೇಡ. ಪಾಠದಲ್ಲಿ ಪ್ರವಾಹದ ಕಥೆ ಇದ್ದರೆ ಹತ್ತು ನಿಮಿಷ ಪ್ರವಾಹದ ಬಗ್ಗೆ ಕನ್ನಡದಲ್ಲೇ ಮಾತಾಡಿ. ಯಾರ ಊರಿಗೆ ನೀರು ನುಗ್ಗಿತ್ತು, ದನಕರು ಏನಾದವು ಎಂದು ಕೇಳಿ. ಆ ಮಾತುಗಳಿಗೆ ಇಂಗ್ಲಿಷ್ ಪದಗಳನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಬಾಯಿ ಮುಚ್ಚಿ ಓದಲು ಬಿಡಿ.

ಬಾಯಿ ಮುಚ್ಚಿ ಓದುವುದು ನಮ್ಮ ಶಾಲೆಗಳಲ್ಲಿ ಓದು ಎನಿಸಿಕೊಳ್ಳುವುದೇ ಇಲ್ಲ. ತರಗತಿ ನಿಶ್ಶಬ್ದವಾಗಿದ್ದರೆ ಪಾಠ ನಡೆಯುತ್ತಿಲ್ಲವೆಂದು ಹೆಡ್‌ಮಾಸ್ಟರು ಇಣುಕುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದೇ ರೂಢಿ. ಒಬ್ಬಳು ಓದುವಾಗ ಉಳಿದ ನಲವತ್ತು ಮಂದಿ ತಮ್ಮ ಸರದಿಗೆ ಯಾವ ಸಾಲು ಬರಬಹುದು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಓದುವವಳ ಗಮನವೂ ಉಚ್ಚಾರದ ಮೇಲೆ. ಪದ ಪದ ಎಡವುತ್ತಾ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ನೆನಪಿನಿಂದ ಜಾರಿರುತ್ತದೆ.

ಇನ್ನು ಅರ್ಥವಾಯಿತೇ ಎಂದು ಪರೀಕ್ಷಿಸುವ ನಮ್ಮ ಪ್ರಶ್ನೆಗಳು. ಒಂದು ವಾಕ್ಯ ಹೇಳುತ್ತೇನೆ, ಕೇಳಿ: ‘ಗೊಂಬಟವು ಜಲಕದಲ್ಲಿ ಮೆಲ್ಲನೆ ತಿಮಕುತ್ತಿತ್ತು.’ ಈಗ ಪ್ರಶ್ನೆ: ಗೊಂಬಟವು ಎಲ್ಲಿ ತಿಮಕುತ್ತಿತ್ತು? ಜಲಕದಲ್ಲಿ. ಹೇಗೆ ತಿಮಕುತ್ತಿತ್ತು? ಮೆಲ್ಲನೆ. ಎರಡಕ್ಕೆ ಎರಡು ಅಂಕ! ಗೊಂಬಟ ಎಂದರೆ ಏನೆಂದು ನಿಮಗೂ ಗೊತ್ತಿಲ್ಲ, ವಾಕ್ಯ ಕಟ್ಟಿದ ನನಗೂ ಗೊತ್ತಿಲ್ಲ. ಪಾಠದ ಕೊನೆಗೆ ನಾವು ಕೇಳುವ ಪ್ರಶ್ನೆಗಳಲ್ಲಿ ಎಷ್ಟೋ ಹೀಗೇ ಇರುತ್ತವೆ. ಪ್ರಶ್ನೆಯ ಪದಗಳು ಎಲ್ಲಿವೆ ಎಂದು ಹುಡುಕಿ ಆ ಸಾಲನ್ನು ಇಳಿಸಿಕೊಂಡರೆ ಮುಗಿಯಿತು. ಬದಲಿಗೆ ‘ಈ ಹುಡುಗ ಯಾಕೆ ಸುಳ್ಳು ಹೇಳಿದ?’ ಎಂದು ಕೇಳಿ ನೋಡಿ. ಉತ್ತರ ಯಾವ ಸಾಲಿನಲ್ಲೂ ಇಡಿಯಾಗಿ ಸಿಗಬಾರದು. ಆ ಉತ್ತರವನ್ನು ಮಗು ಮೊದಲಿಗೆ ಕನ್ನಡದಲ್ಲೇ ಕೊಡಲಿ. ಅರ್ಥವಾಗಿದೆ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಕಿಲ್ಲ.

ಓದಿನ ಬಗ್ಗೆ ಕೊನೆಯ ಒಂದು ಮಾತು, ಪುಸ್ತಕಗಳದ್ದು. ವರ್ಷಕ್ಕೆ ಒಂದೇ ಪಠ್ಯಪುಸ್ತಕ ಓದಿ ಯಾರೂ ಓದುಗರಾಗುವುದಿಲ್ಲ. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯಿ ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ನಡೆಸಿದ ಅಧ್ಯಯನವೊಂದನ್ನು 1983ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಫಿಜಿಯನ್ ಅಥವಾ ಹಿಂದಿ ಆಡುವ ನಾಲ್ಕು, ಐದನೇ ತರಗತಿಯ ಮಕ್ಕಳ ಕೋಣೆಗಳಲ್ಲಿ ತಲಾ ಸುಮಾರು 250 ಇಂಗ್ಲಿಷ್ ಕಥೆಪುಸ್ತಕಗಳನ್ನು ಇಟ್ಟರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಜೊತೆಗೂಡಿ ಓದಿದರು, ಕೆಲವದರಲ್ಲಿ ಮಕ್ಕಳು ಸುಮ್ಮನೆ ಕೂತು ಓದಿದರು. ಎಂಟು ತಿಂಗಳಲ್ಲಿ ಅವರ ಓದಿನ ಬೆಳವಣಿಗೆ ಎಂದಿನ ವೇಗದ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ನಮಗೆ 250 ಪುಸ್ತಕ ಎಲ್ಲಿಂದ ಎಂದು ಕೇಳುವ ಕಾಲ ಈಗ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ, ಹಣ ಕೊಡಬೇಕಿಲ್ಲ. ಸೋಮವಾರ ಕನ್ನಡದಲ್ಲಿ ಓದಿದ ಕಥೆಯನ್ನೇ ಗುರುವಾರ ಇಂಗ್ಲಿಷಿನಲ್ಲಿ ಓದಿಸಿ. ಮುಂದೇನಾಗುತ್ತದೆ ಎಂದು ಗೊತ್ತಿರುವ ಮಗು ಗೊತ್ತಿಲ್ಲದ ಪದಕ್ಕೆ ಹೆದರುವುದಿಲ್ಲ. ಕಷ್ಟವಿರುವುದು ಬೀರುವಿನ ಬೀಗದಲ್ಲಿ. ಪುಸ್ತಕ ಹರಿದರೆ ಆಡಿಟ್ಟಿನವರಿಗೆ ಲೆಕ್ಕ ಕೊಡಬೇಕಲ್ಲ ಎಂದು ಎಷ್ಟು ಶಾಲೆಗಳಲ್ಲಿ ಪುಸ್ತಕಗಳು ಹೊಚ್ಚ ಹೊಸದಾಗಿಯೇ ಹಳದಿಯಾಗಿವೆ!

ಇಲ್ಲಿಗೆ ಓದಿನ ಮಾತು ನಿಲ್ಲಿಸಿ ನಾನು ಹೇಳಿದ ಪ್ರಯೋಗಕ್ಕೆ ಹೊರಳುತ್ತೇನೆ. ಇದು ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದು ಹೆಸರಾದದ್ದು. ನಮ್ಮ ಶಿಕ್ಷಕರಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿಲ್ಲ.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆಗಿನ ಫ್ಯಾಷನ್ ವಾಕ್ಯರಚನೆಗಳನ್ನು ಒಂದಾದ ಮೇಲೊಂದು ಮೆಟ್ಟಿಲಿನಂತೆ ಕಲಿಸುವುದು. ‘ದಿಸ್ ಈಸ್ ಎ ಪೆನ್’ ಎಂದು ಪೆನ್ನು ಎತ್ತಿ ಹಿಡಿದ ಮೇಷ್ಟ್ರು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಮಕ್ಕಳು ರಚನೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು, ಹೊರಗೆ ಬಂದು ಬಳಸುತ್ತಿರಲಿಲ್ಲ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರಿಗೆ ಈ ಅತೃಪ್ತಿ ಕಾಡುತ್ತಿತ್ತು. 1979ರಿಂದ 1984ರವರೆಗೆ ಅವರೂ ಅವರ ಜೊತೆಗಾರರೂ ಬೆಂಗಳೂರಿನ ಆ ಸಂಸ್ಥೆಯ ನೆರವಿನಿಂದ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನೇ ಪಕ್ಕಕ್ಕಿಟ್ಟು ಪಾಠ ಮಾಡಿದರು. ಪ್ರತಿ ಪೀರಿಯಡ್ಡಿನಲ್ಲಿ ಮಕ್ಕಳ ಮುಂದೆ ಒಂದು ಸಮಸ್ಯೆ: ರೈಲಿನ ವೇಳಾಪಟ್ಟಿ, ಊರಿನ ನಕಾಶೆ, ದುಡ್ಡಿನ ಲೆಕ್ಕ. ಅದನ್ನು ಬಿಡಿಸುವುದೇ ಪಾಠ. ಮನಸ್ಸು ಅರ್ಥದಲ್ಲಿ ಮುಳುಗಿರುವಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದರ ವಿವರ ಇದೆ.

ಕೇಳಲು ದೊಡ್ಡದೆನಿಸುತ್ತದೆ, ಮಾಡಲು ಕಷ್ಟವಿಲ್ಲ. ನಮ್ಮ ನೆಲದ್ದೇ ಒಂದು ಉದಾಹರಣೆ ಕಟ್ಟುತ್ತೇನೆ. ಹಲಗೆಯ ಮೇಲೆ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಮೂರು ಬಸ್ಸುಗಳ ಪಟ್ಟಿ ಇಂಗ್ಲಿಷಿನಲ್ಲಿದೆ ಎನ್ನಿ. ಮೊದಲನೆಯದು 8.15ಕ್ಕೆ ಹೊರಟು 10ಕ್ಕೆ ಮುಟ್ಟುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಎರಡನೆಯದು 8.40ಕ್ಕೆ ಹೊರಡುತ್ತದೆ, ಆನಂದಪುರ ಮತ್ತು ಕುಂಸಿಯಲ್ಲಿ ನಿಂತು 10.40ಕ್ಕೆ ಮುಟ್ಟುತ್ತದೆ. ಮೂರನೆಯದೂ ನಿಲ್ಲುತ್ತದೆ, 11.30ಕ್ಕೆ ಮುಟ್ಟುತ್ತದೆ. ಆನಂದಪುರದ ಹುಡುಗಿಯೊಬ್ಬಳು ಅಜ್ಜಿಯನ್ನು 11 ಗಂಟೆಗೆ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹತ್ತು ನಿಮಿಷ. ಯಾವ ಬಸ್ಸು? ಬೇಕಾದ ಇಂಗ್ಲಿಷ್ ಎಷ್ಟು? ‘ಲೀವ್ಸ್’, ‘ರೀಚಸ್’, ‘ಸ್ಟಾಪ್ಸ್ ಅಟ್’, ‘ಬಿಫೋರ್’. ಇಡೀ ತರಗತಿ ತಲೆ ಕೆರೆದುಕೊಳ್ಳುತ್ತದೆ. ಬಾಯಿಪಾಠದಲ್ಲಿ ಹಿಂದಿದ್ದ ಹುಡುಗ, ದಿನಾ ಅದೇ ದಾರಿಯ ಬಸ್ಸಿನಲ್ಲಿ ಬರುವವನು, ಮೊದಲು ಕೈ ಎತ್ತುತ್ತಾನೆ.

ಪ್ರಭು ಇಂಥ ಒಂದು ಸಮಸ್ಯೆಯನ್ನು ಮೊದಲು ಎಲ್ಲರ ಮುಂದೆ, ಶಿಕ್ಷಕರ ಜೊತೆ ಬಿಡಿಸುತ್ತಿದ್ದರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸಬೇಕು. ಗುಂಪು ಚಟುವಟಿಕೆಗೆ ಅವರು ಒತ್ತು ಕೊಡಲಿಲ್ಲ. ಕಲಿಯುವವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಅರೆಬರೆ ಇಂಗ್ಲಿಷೇ ಗಟ್ಟಿಯಾಗುತ್ತದೆಂಬ ಅಳುಕು ಅವರಿಗಿತ್ತು. ಸಮಸ್ಯೆಯ ಮಟ್ಟ ಸರಿಯಿದೆಯೇ ಎಂದು ತಿಳಿಯಲು ಅವರು ಹೇಳಿದ ಅಳತೆ ನನಗೆ ಬಹಳ ಇಷ್ಟ: ತರಗತಿಯ ಅರ್ಧದಷ್ಟಾದರೂ ಮಕ್ಕಳು ಸಮಸ್ಯೆಯ ಅರ್ಧದಷ್ಟನ್ನಾದರೂ ಸರಿಯಾಗಿ ಬಿಡಿಸಬೇಕು. ಎಲ್ಲರಿಗೂ ಬಂದರೆ ಅದು ಸಲೀಸು, ಯಾರಿಗೂ ಬಾರದಿದ್ದರೆ ದಂಡ. ಯಾವ ತರಬೇತಿ ಕೈಪಿಡಿಯಲ್ಲೂ ಇಷ್ಟು ಬಳಕೆಗೆ ಬರುವ ಅಳತೆಗೋಲನ್ನು ನಾನು ಕಂಡಿಲ್ಲ.

ಪ್ರಯೋಗ ಗೆದ್ದಿತೇ? ಬೆರೆಟ್ಟಾ ಮತ್ತು ಡೇವೀಸ್ 1985ರಲ್ಲಿ ಅದರ ಮೌಲ್ಯಮಾಪನ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದಿದ್ದರು, ಅರ್ಥಗ್ರಹಿಕೆಯಂಥ ಪರೀಕ್ಷೆಗಳಲ್ಲಿ ಪ್ರಭು ಅವರ ಮಕ್ಕಳು. ಮುಂದೆ 1990ರ ಒಂದು ಲೇಖನದಲ್ಲಿ ಪ್ರಭು ಅವರೇ ಎಲ್ಲರಿಗೂ ಒಪ್ಪುವ ‘ಅತ್ಯುತ್ತಮ ವಿಧಾನ’ ಎಂಬುದು ಇಲ್ಲವೆಂದು ವಾದಿಸಿದರು. ತಾನು ಮಾಡುತ್ತಿರುವ ಪಾಠದಿಂದ ಕಲಿಕೆ ಹೇಗೆ ಆಗುತ್ತಿದೆ ಎಂಬ ಬಗ್ಗೆ ಶಿಕ್ಷಕನಿಗೆ ತನ್ನದೇ ಆದ ನಂಬುಗೆ ಬೇಕು, ಅದಿಲ್ಲದೆ ಯಾವ ವಿಧಾನವೂ ಯಾಂತ್ರಿಕವಾಗುತ್ತದೆ ಎಂಬುದು ಅವರ ವಾದ. ವರ್ಷಕ್ಕೊಂದು ಹೊಸ ವಿಧಾನದ ಸುತ್ತೋಲೆ ಹೊರಡಿಸುವ ನಮ್ಮ ವ್ಯವಸ್ಥೆ ಈ ಮಾತನ್ನು ಫ್ರೇಮು ಹಾಕಿಸಿ ಇಡಬಹುದು.

ಈಗ ಬರಹ. ಬಸ್ಸಿನ ಸಮಸ್ಯೆಯಿಂದಲೇ ಅಲ್ಲಿಗೆ ದಾರಿ ಇದೆ. ಉತ್ತರ ಸಿಕ್ಕ ಮೇಲೆ ಆ ಹುಡುಗಿ ಶಿವಮೊಗ್ಗದ ಅತ್ತೆಗೆ ಎರಡು ಸಾಲು ಬರೆಯಬೇಕು: ಯಾವ ಬಸ್ಸಿಗೆ ಬರುತ್ತೇವೆ, ಎಷ್ಟು ಹೊತ್ತಿಗೆ ಸ್ಟ್ಯಾಂಡಿಗೆ ಬಂದಿರಬೇಕು. ಬರಹಕ್ಕೊಂದು ಕಾರಣ ಇದೆ, ಓದುವವರೂ ಇದ್ದಾರೆ. ನಮ್ಮ ಶಾಲೆಯ ಬರವಣಿಗೆಯಲ್ಲಿ ಇಲ್ಲದಿರುವುದು ಇವೆರಡೇ.

ಇರುವುದು ಏನು? ನಾಲ್ಕು ಗೆರೆಯ ಪುಸ್ತಕದಲ್ಲಿ ಕಾಪಿ ರೈಟಿಂಗ್. ಹಲಗೆಯಿಂದ ಇಳಿಸಿಕೊಂಡ ಪ್ರಶ್ನೋತ್ತರ. ಗೈಡಿನಿಂದ ಉರು ಹೊಡೆದ ಪ್ರಬಂಧ. ಕೊಟ್ಟಿಗೆಯಲ್ಲಿ ಹಾಲು ಕರೆದು, ಒದೆ ತಿಂದು ಶಾಲೆಗೆ ಬರುವ ಹುಡುಗಿಯೂ ‘ದ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್, ಇಟ್ ಹ್ಯಾಸ್ ಫೋರ್ ಲೆಗ್ಸ್’ ಎಂದೇ ಬರೆಯಬೇಕು. ಅವಳ ಹಸುವಿನ ಹೆಸರೇನು, ಅದು ಯಾರಿಗೆ ಹಾಯುತ್ತದೆ ಎಂದು ನಾವು ಕೇಳುವುದೇ ಇಲ್ಲ. ರಜಾ ಅರ್ಜಿಯನ್ನು ನೋಡಿ. ಅಕ್ಕನ ಮದುವೆಯಿರಲಿ, ಊರ ಜಾತ್ರೆಯಿರಲಿ, ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬರುವುದು ಒಂದೇ ಕಾಯಿಲೆ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’. ಮಗುವಿಗೆ ಬೇರೆ ವಾಕ್ಯ ಬರುವುದಿಲ್ಲ, ಆದ್ದರಿಂದ ಜ್ವರವೇ ಬರುತ್ತದೆ.

ಅಂದವಾಗಿ ನಕಲು ಮಾಡುವುದು ನಿರುಪಯುಕ್ತ ಎನ್ನುತ್ತಿಲ್ಲ. ಕೈಬರಹಕ್ಕೆ, ಅಕ್ಷರ ಕೂಡದ ಮಗುವಿಗೆ ಅದು ಬೇಕು. ಅದನ್ನೇ ಬರಹವೆಂದು ಎಣಿಸಿ ಮೂರು ವರ್ಷ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಏಳನೇ ತರಗತಿಯ ಮಗು ವಾರಕ್ಕೆ ಒಂದು ಸಲ ತನ್ನದೇ ನಾಲ್ಕು ವಾಕ್ಯ ಬರೆಯಬೇಕು. ಹೀಗೆ ಬರೆಸಿದರೆ ಏನು ಬರುತ್ತದೆ ಗೊತ್ತೇ? ‘ಯೆಸ್ಟರ್‌ಡೇ ಐ ಗೋ ಜಾತ್ರೆ. ಮೈ ಮಾಮ ಗಿವ್ ಮನಿ. ಐ ಬೈ ಬ್ಯಾಂಗಲ್. ಮೈ ಹೌಸ್ ತ್ರೀ ಕೌ ಆರ್ ದೇರ್.’

ಕೆಂಪು ಪೆನ್ನು ಹಿಡಿದವರಿಗೆ ಇಲ್ಲಿ ರಕ್ತಪಾತಕ್ಕೆ ಬೇಕಾದಷ್ಟು ಅವಕಾಶ ಇದೆ. ನನಗೆ ಇದು ಹಸುವಿನ ಪ್ರಬಂಧಕ್ಕಿಂತ ಎಷ್ಟೋ ಮೇಲು. ನಾಲ್ಕು ವಾಕ್ಯದಲ್ಲಿ ಒಂದು ದಿನ ಇದೆ, ಒಬ್ಬ ಮಾಮ ಇದ್ದಾನೆ, ಬಳೆ ಇದೆ. ತಪ್ಪುಗಳಿಗೂ ಕಾರಣಗಳಿವೆ. ‘ನಮ್ಮ ಮನೆಯಲ್ಲಿ ಮೂರು ಹಸು ಇವೆ’ ಎಂಬ ಕನ್ನಡ ವಾಕ್ಯದ ಎಲುಬುಗಳೇ ಕೊನೆಯ ವಾಕ್ಯದಲ್ಲಿ ನಿಂತಿವೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನನ್ನ ಬಳಿ ಏನಿದೆ ಎಂದು ಹೇಳಲು ‘ಇದೆ’ ಎಂದರೆ ಸಾಕು. ಇಂಗ್ಲಿಷಿಗೆ ಬೇಕಾದ ‘ಹ್ಯಾವ್’ ಮಗುವಿಗೆ ಸಹಜವಾಗಿ ಹೊಳೆಯುವುದಿಲ್ಲ. ಇದು ಅಜಾಗರೂಕತೆಯಲ್ಲ. ಕನ್ನಡ ಗೊತ್ತಿರುವ ಶಿಕ್ಷಕರು ಇದನ್ನು ಒಂದೇ ನೋಟಕ್ಕೆ ಗುರುತಿಸಬಲ್ಲರು, ಲಂಡನ್ನಿನಿಂದ ಬಂದ ತಜ್ಞರಿಗೆ ಅದು ಸಾಧ್ಯವಿಲ್ಲ. ಕನ್ನಡ, ಇಂಗ್ಲಿಷ್ ಎರಡೂ ವಾಕ್ಯಗಳನ್ನು ಹಲಗೆಯಲ್ಲಿ ಮೇಲೆ ಕೆಳಗೆ ಬರೆದು ಪದಗಳ ಜಾಗ ತೋರಿಸಿದರೆ ಮಕ್ಕಳು ತಾವೇ ವ್ಯತ್ಯಾಸ ಹೇಳುತ್ತಾರೆ.

ಹಾಗಾದರೆ ತಿದ್ದುವುದು ಹೇಗೆ? ಮೊದಲು ಆ ಮಗುವಿಗೆ ಉತ್ತರ ಕೊಡಿ. ‘ವಾಟ್ ಕಲರ್ ಬ್ಯಾಂಗಲ್ಸ್?’ ಎಂದು ಪುಟದ ಕೆಳಗೆ ಬರೆಯಿರಿ. ಮಗು ಮರುದಿನ ಉತ್ತರ ಬರೆದು ತರುತ್ತದೆ, ಒಂದು ವಾಕ್ಯ ಹೆಚ್ಚಾಯಿತು. ಆಮೇಲೆ ಒಂದೇ ಬಗೆಯ ತಪ್ಪನ್ನು ಆರಿಸಿಕೊಳ್ಳಿ. ಈ ವಾರ ಭೂತಕಾಲ ಎಂದರೆ ಭೂತಕಾಲ ಮಾತ್ರ: ‘ವೆಂಟ್’, ‘ಗೇವ್’, ‘ಬಾಟ್’. ‘ಜಾತ್ರೆ’ ಕನ್ನಡದಲ್ಲೇ ಇರಲಿ, ಅದನ್ನು ‘ಫೇರ್’ ಮಾಡುವ ಅವಸರ ಬೇಡ. ಒಂದು ಪುಟದಲ್ಲಿ ಇಪ್ಪತ್ತು ಕೆಂಪು ಗುರುತು ಕಂಡ ಮಗು ಕಲಿಯುವುದು ಒಂದನ್ನೇ, ಮುಂದಿನ ಸಲ ಕಡಿಮೆ ಬರೆಯುವುದನ್ನು.

ನಲವತ್ತು ನೋಟ್‌ಬುಕ್ಕು, ಮೂರು ತರಗತಿ, ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ. ಎಲ್ಲಿದೆ ಸಮಯ ಎಂದು ಈ ಸಭೆಯ ಶಿಕ್ಷಕರು ಮನಸ್ಸಿನಲ್ಲೇ ಕೇಳುತ್ತಿದ್ದಾರೆಂದು ನನಗೆ ಗೊತ್ತು. ಎಲ್ಲವನ್ನೂ ತಿದ್ದಬೇಡಿ. ದಿನಕ್ಕೆ ಎಂಟು ಪುಸ್ತಕ ನೋಡಿ, ಒಂದು ವಾರದಲ್ಲಿ ತರಗತಿ ಮುಗಿಯುತ್ತದೆ. ಸಾಮಾನ್ಯ ತಪ್ಪುಗಳನ್ನು ಹೆಸರಿಲ್ಲದೆ ಹಲಗೆಯ ಮೇಲೆ ಚರ್ಚಿಸಿ. ಪಾಠದ ಕೊನೆಯ ಪ್ರಶ್ನೋತ್ತರವನ್ನು ಇಳಿಸಿಕೊಂಡ ನೋಟ್ಸನ್ನು ತಿದ್ದಲು ನೀವು ಕಳೆಯುತ್ತಿರುವ ಹೊತ್ತನ್ನು ಇದಕ್ಕೆ ತಿರುಗಿಸಿ. ನಾವೇ ಬರೆಸಿದ ಉತ್ತರವನ್ನು ನಾವೇ ತಿದ್ದಿ ಸಹಿ ಹಾಕುವುದಕ್ಕಿಂತ ಅದು ವಾಸಿ.

ಇದು ಆರರಿಂದ ಎಂಟರಲ್ಲೇ ಆಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಢಾಕಾದಲ್ಲಿ ಕೆಲಸ ಮಾಡಿದ ಮೈಕೆಲ್ ವೆಸ್ಟ್ 1926ರಲ್ಲೇ ಬಂಗಾಳದ ಮಕ್ಕಳ ಬಗ್ಗೆ ಬರೆಯುತ್ತಾ ಒಂದು ಪ್ರಶ್ನೆ ಎತ್ತಿದ್ದರು: ಓದನ್ನು ನಡುವೆ ಬಿಡುವ ಮಗುವಿಗೆ ಅಲ್ಲಿಯವರೆಗೆ ಕಲಿತದ್ದರಿಂದ ಏನು ದಕ್ಕಿತು? ಅವಧಿಗೆ ಮೊದಲೇ ಬಿಟ್ಟುಕೊಟ್ಟ ವಿಮಾ ಪಾಲಿಸಿಗೆ ಸಿಗುವಂಥ ಸರೆಂಡರ್ ವ್ಯಾಲ್ಯೂ ಅದಕ್ಕೆಷ್ಟು ಎಂದು ಕೇಳಿದವರು ಅವರು. ನಮ್ಮಲ್ಲಿ ಬಹಳಷ್ಟು ಊರುಗಳಲ್ಲಿ ಏಳನೆಯ ತರಗತಿಗೆ ಊರ ಶಾಲೆ ಮುಗಿಯುತ್ತದೆ. ಎಂಟಕ್ಕೆ ಬೇರೆ ಊರು, ಬಸ್ಸು, ಹೈಸ್ಕೂಲು; ಕೆಲವು ಹೆಣ್ಣುಮಕ್ಕಳು ಅಲ್ಲೇ ನಿಲ್ಲುತ್ತಾರೆ. ಹಾಗೆ ನಿಂತ ಮಗು ಔಷಧಿ ಚೀಟಿ, ಬ್ಯಾಂಕಿನ ಫಾರಂ, ಗೊಬ್ಬರದ ಚೀಲದ ಮೇಲಿನ ಸಾಲನ್ನು ಓದಲಾರದಾದರೆ ಏಳು ವರ್ಷದ ಇಂಗ್ಲಿಷಿನ ಬೆಲೆ ಏನು?

ಪರೀಕ್ಷೆಯ ಬಗ್ಗೆ ಒಂದು ಮಾತು ಉಳಿದಿದೆ. ಪ್ರಶ್ನೆಪತ್ರಿಕೆ ಬದಲಾಗದೆ ಏನೂ ಬದಲಾಗದು ಎಂಬ ನಿಟ್ಟುಸಿರನ್ನು ಎಲ್ಲ ತರಬೇತಿಗಳಲ್ಲೂ ಕೇಳಿದ್ದೇನೆ. ಎಸ್ಸೆಸ್ಸೆಲ್ಸಿ ಪತ್ರಿಕೆ ನಮ್ಮ ಕೈಯಲ್ಲಿಲ್ಲ. ಆದರೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ಶಾಲೆಯ ಕೈಯಲ್ಲೇ ಇವೆ. ಅವುಗಳಲ್ಲಿ ಎರಡನ್ನು ಪಠ್ಯಪುಸ್ತಕದ ಹೊರಗೆ ತನ್ನಿ: ಒಂದರಲ್ಲಿ ಹಿಂದೆ ಓದಿರದ ಸಣ್ಣ ಕಥೆ, ಇನ್ನೊಂದರಲ್ಲಿ ಮಗುವಿನ ಸ್ವಂತ ಬರಹ. ಇದಕ್ಕೆ ಯಾವ ಸುತ್ತೋಲೆಗೂ ಕಾಯಬೇಕಿಲ್ಲ, ಈ ಜೂನ್‌ನಲ್ಲೇ ಆರಂಭಿಸಬಹುದು.

ಪ್ರಶ್ನೆಗಳಿಗೆ ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ. ಬಹುವರ್ಗ ತರಗತಿಯ ಶಿಕ್ಷಕರು ಮೊದಲು ಕೇಳಬೇಕೆಂದು ನನ್ನ ಕೋರಿಕೆ, ಅವರ ಕಷ್ಟವನ್ನು ನಾನು ಈ ಉಪನ್ಯಾಸದಲ್ಲಿ ಮುಟ್ಟಿಲ್ಲ.